ಎಬಿಎಕ್ಸ್ ಸ್ವಿಚ್ ಬಾಕ್ಸ್: ಮೂರು ವರ್ಷ ಬಳಸಿದ ಮೇಲೆ

ನನ್ನ ಹೊಸ ಡ್ಯಾಕ್ (ಡಿಜಿಟಲ್ ಹಾಡನ್ನು ಅನಲಾಗ್ ಸಿಗ್ನಲ್ ಆಗಿ ಬದಲಿಸುವ ಸಾಧನ) ಹಳೆಯದಕ್ಕಿಂತ ಎಷ್ಟು ಚೆನ್ನಾಗಿದೆ ಅಂತ ಮನೆಯವರಿಗೆ ತೋರಿಸೋಣ ಎಂದೇ ಈ ಪೆಟ್ಟಿಗೆ ತಂದೆ. ಮೂರು ವರ್ಷವಾಯಿತು, ಇನ್ನೂ ತೋರಿಸಲು ಆಗಿಲ್ಲ.

ಬಳಸುವುದು ಸುಲಭ. ಎ ಒತ್ತಿದರೆ ಒಂದು ಡ್ಯಾಕ್, ಬಿ ಒತ್ತಿದರೆ ಇನ್ನೊಂದು. ಎಕ್ಸ್ ಒತ್ತಿದರೆ ಎರಡರಲ್ಲಿ ಯಾವುದೋ ಒಂದು, ಯಾವುದೆಂದು ಪೆಟ್ಟಿಗೆಗೆ ಮಾತ್ರ ಗೊತ್ತು. ಕೇಳಿ ಹೇಳಬೇಕು. ಹೀಗೆ 16 ಸಲ. ಕಣ್ಣು ಮುಚ್ಚಿ ಊಹಿಸಿದರೂ 8ರ ಆಸುಪಾಸು ಸರಿ ಬರುತ್ತದೆ. ಹಾಗಾಗಿ 12 ಮುಟ್ಟಿದರೆ ಮಾತ್ರ ನಾನು ನಂಬುತ್ತೇನೆ. ಬರೀ ಊಹೆಯಲ್ಲಿ 12 ಅಥವಾ ಹೆಚ್ಚು ಬರುವ ಸಾಧ್ಯತೆ ನೂರಕ್ಕೆ 4ಕ್ಕಿಂತ ಕಡಿಮೆ.

ಕಷ್ಟವಿರುವುದು ವಾಲ್ಯೂಮ್ ಸರಿಹೊಂದಿಸುವುದರಲ್ಲಿ. ಚೂರೇ ಜಾಸ್ತಿ ಇದ್ದರೆ ಅದು ಜೋರು ಅನ್ನಿಸುವುದಿಲ್ಲ, 'ಚೆನ್ನಾಗಿದೆ' ಅನ್ನಿಸುತ್ತದೆ. ಮೊದಲ ವಾರ ಹೊಸ ಡ್ಯಾಕನ್ನು ಪ್ರತಿ ಸಲವೂ ಸರಿಯಾಗಿ ಹಿಡಿದೆ. ಆಮೇಲೆ ಮಲ್ಟಿಮೀಟರ್ ಇಟ್ಟು ನೋಡಿದರೆ ಹಳೆಯದು 2.00 ವೋಲ್ಟ್, ಹೊಸದು 2.20. ಅಂದರೆ 0.8 ಡೆಸಿಬೆಲ್ ಜಾಸ್ತಿ. ಇಷ್ಟಕ್ಕೇ ನಾನು ಅಷ್ಟೆಲ್ಲ ಹೊಗಳಿದ್ದು! ವ್ಯತ್ಯಾಸ 0.1 ಡೆಸಿಬೆಲ್ ಒಳಗೆ ಬರಬೇಕು, 2 ವೋಲ್ಟಿಗೆ ಸುಮಾರು 0.02. ಪೆಟ್ಟಿಗೆಯ ಹಿಂದಿನ ಪುಟ್ಟ ತಿರುಗಣೆಗಳು ಇದಕ್ಕೆ ಸಾಕು. ಆದರೆ 60 ಹರ್ಟ್ಸ್ ಟೋನ್ ಹಾಕಿ ಅಳೆಯಿರಿ. ಸಾಧಾರಣ ಮೀಟರ್‌ಗಳು 1,000 ಹರ್ಟ್ಸ್‌ನಲ್ಲಿ ತಪ್ಪು ತೋರಿಸಬಹುದು.

ಸರಿಹೊಂದಿಸಿದ ಮೇಲೆ ಬಂದದ್ದು 9, 7, 8. ಒಂದು ದಿನ 11 ಬಂತು. ಇನ್ನೊಂದೇ ಸಲ ಅಂತ ಮತ್ತೆ ಕೂತೆ, 6 ಬಂತು. ಬೇಕಾದ ಅಂಕ ಬರುವವರೆಗೆ ಆಡುವುದು ಮೋಸ ಅಂತ ಗೊತ್ತು. ಆದರೂ ಕೂತೆ.

ದೊಡ್ಡ ದೂರು ಒಂದಿದೆ. ಎರಡನೇ ವರ್ಷ ಪೆಟ್ಟಿಗೆಯನ್ನು ಕಪಾಟಿನಿಂದ ಪಕ್ಕದ ಮೇಜಿಗೆ ತಂದೆ. ಅವತ್ತೇ 16ಕ್ಕೆ 16! ಕುಣಿದಾಡುವುದೊಂದು ಬಾಕಿ. ಮರುದಿನ ಹಾಡು ಹಾಕದೆ ಸುಮ್ನೆ ಬಟನ್ ಒತ್ತುತ್ತಾ ಕೂತಾಗ ಗುಟ್ಟು ಬಯಲಾಯಿತು. ಎ ಕೇಳಿ ಎಕ್ಸ್ ಒತ್ತಿದಾಗ, ಎಕ್ಸ್ ಕೂಡ ಎ ಆಗಿದ್ದರೆ ಒಳಗಿನ ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್) ಕದಲುವುದಿಲ್ಲ. ಬಿ ಆಗಿದ್ದರೆ 'ಟಿಕ್'. ನಾನು ಕೇಳಿಸಿಕೊಂಡದ್ದು ಡ್ಯಾಕನ್ನಲ್ಲ, ಆ ಟಿಕ್ಕನ್ನು. ಪ್ರತಿ ಸಲ ರಿಲೇ ಬಿಟ್ಟು ಹಿಡಿಯುವಂತೆ ಮಾಡಿದ್ದರೆ ಈ ಗೋಳೇ ಇರುತ್ತಿರಲಿಲ್ಲ, ಅಲ್ವಾ? ಈಗ ಪೆಟ್ಟಿಗೆ ಮತ್ತೆ ಕಪಾಟಿನೊಳಗೆ, ಮೇಲೊಂದು ದಪ್ಪ ಟವೆಲ್.

ಎಲ್ಲವೂ ಒಂದೇ ಅಂತ ನಾನು ಹೇಳುತ್ತಿಲ್ಲ. 128 ಕೆಬಿಪಿಎಸ್‌ಗೆ ಕುಗ್ಗಿಸಿದ ನನ್ನ ಹಳೆಯ ಎಂಪಿ3 ಒಂದರಲ್ಲಿ ಚಪ್ಪಾಳೆಯ ಅಂಚು ಕಲಸಿಹೋಗಿದೆ, 16ಕ್ಕೆ 15 ಹಿಡಿದೆ. ಅದಕ್ಕೆ ಈ ಪೆಟ್ಟಿಗೆಯೂ ಬೇಡ, ಕಂಪ್ಯೂಟರಿನಲ್ಲಿ ಹಾಡು ಹಾಕುವ ಫೂಬಾರ್2000 ಪ್ಲೇಯರ್‌ನ ಎಬಿಎಕ್ಸ್ ಕಾಂಪೊನೆಂಟ್ ಉಚಿತ. ಸ್ಪೀಕರ್ ಹೋಲಿಸಲಿಕ್ಕೂ ತರಬೇಡಿ, ಅಲ್ಲಿ ವ್ಯತ್ಯಾಸ ಎದ್ದು ಕೇಳುತ್ತದೆ. ಟಿವಿಗೆ ಇದು ಉಪಯೋಗವಿಲ್ಲ, ಪಾಠ ಮಾತ್ರ ಅದೇ: ಬ್ರೈಟ್‌ನೆಸ್ ಸಮ ಮಾಡದಿದ್ದರೆ ಹೆಚ್ಚು ಬೆಳಕಿನದೇ ಗೆಲ್ಲುತ್ತದೆ.

ಹೊಸ ಡ್ಯಾಕ್ ಇನ್ನೂ ಬಳಕೆಯಲ್ಲಿದೆ. ಅದಕ್ಕೆ ರಿಮೋಟ್ ಇದೆ.