ಹೆಡ್ ಕೆಲಸ ಸಾಕೇ, ಎಂಜಿನ್ನೇ ಬದಲಿಸಬೇಕೇ?

ಗೋವಾದಿಂದ ಪುಣೆಗೆ ಮರಳುವ ಕನ್ನಡಿಗರ ಮೋಟರ್‌ಹೋಮ್ ಅಂಬೋಲಿ ಘಾಟಿಯ ಏರಿನಲ್ಲಿ ಎಂಜಿನ್ ವಿಪರೀತ ಬಿಸಿಯಾಗಿ ಕೆಟ್ಟು ನಿಂತರೆ ಮುಂದಿರುವ ದಾರಿ ಎರಡು: ಎಂಜಿನ್ನಿನ ಮೇಲ್ಭಾಗವಾದ ಸಿಲಿಂಡರ್ ಹೆಡ್ ಬಿಚ್ಚಿ ಸರಿಪಡಿಸುವ ಹೆಡ್ ಕೆಲಸ, ಇಲ್ಲವೇ ಹಳೆ ಎಂಜಿನ್ ತಂದು ಕೂರಿಸುವುದು. ಎಳೆಸುವ ಮುನ್ನ ನೀರಿನ ಟ್ಯಾಂಕ್ ಖಾಲಿ ಮಾಡಿ. ಹಿಂಚಕ್ರ ನೆಲದಲ್ಲೇ ಉರುಳುವುದಾದರೆ ಗೇರ್‌ಬಾಕ್ಸಿನಿಂದ ಹಿಂಚಕ್ರಕ್ಕೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಕಳಚಿಸಿ, ಇಲ್ಲದಿದ್ದರೆ ಆಯಿಲ್ ಸಿಗದೆ ಗೇರ್‌ಬಾಕ್ಸೂ ಕೆಡುತ್ತದೆ.

ರೇಡಿಯೇಟರಿನಲ್ಲಿ ಗುಳ್ಳೆ, ಬಿಳಿ ಹೊಗೆ, ಹಾಲಿನಂತಾದ ಆಯಿಲ್: ಇವು ಹೆಡ್ ಗ್ಯಾಸ್ಕೆಟ್ (ಹೆಡ್ಡಿಗೂ ಎಂಜಿನ್ ಬ್ಲಾಕಿಗೂ ನಡುವಿನ ಸೀಲು) ಹೋದ ಗುರುತು. ಆಯಿಲ್ ಮುಚ್ಚಳ ತೆಗೆದಾಗ ಹೊಗೆ ಒತ್ತಿ ಬಂದರೆ, ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಎಲ್ಲ ಸಿಲಿಂಡರಲ್ಲೂ ಇಳಿದಿದ್ದರೆ ಎಂಜಿನ್ನಿನ ಬೋರ್, ಅಂದರೆ ಸಿಲಿಂಡರಿನ ಒಳಗೋಡೆ, ಸವೆದಿದೆ. ಆಗ ಬರೀ ಹೆಡ್ ಕೆಲಸಕ್ಕೆ ಸುರಿದ ಹಣ ದಂಡ.

ಹೆಡ್ ಕೆಲಸ ಅಗ್ಗ, ಆದರೆ ಅವಸರ ಸಲ್ಲದು. ಹೆಡ್ ಬಾಗಿದೆಯೇ ಎಂದು ನೇರಪಟ್ಟಿ, ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿಗಳು) ಇಟ್ಟು ನೋಡಿಸಿ. ಬಾಗು ಸಾಮಾನ್ಯವಾಗಿ 0.05 ಮಿ.ಮೀ. ದಾಟಿದರೆ ತಯಾರಕರ ಮಿತಿ ನೋಡಲೇಬೇಕು. ಕೆಲವು ಡೀಸೆಲ್ ಹೆಡ್‌ಗಳನ್ನು ಮಟ್ಟವಾಗಲೆಂದು ಉಜ್ಜಿಸುವಂತೆಯೇ ಇಲ್ಲ. ಗ್ಯಾಸ್ಕೆಟ್ ದಪ್ಪವನ್ನು ಪಿಸ್ಟನ್ ಎಷ್ಟು ಮೇಲೆ ಚಾಚುತ್ತದೆ ಎಂದು ಅಳೆದೇ ಆರಿಸಬೇಕು. ಹೆಡ್ ಬೋಲ್ಟ್‌ಗಳು ಬಿಗಿಯುವಾಗ ಹಿಗ್ಗುವ ಬಗೆಯವಾದರೆ ಹೊಸವೇ ಬೇಕು. ಕಾದದ್ದಕ್ಕೆ ಮೂಲ ಕಾರಣವಾದ ಥರ್ಮೋಸ್ಟಾಟ್, ಫ್ಯಾನ್ ಕ್ಲಚ್, ವಾಟರ್ ಪಂಪ್ ದೋಷ ಸರಿಪಡಿಸದೆ ಬಿಟ್ಟರೆ ಹೊಸ ಗ್ಯಾಸ್ಕೆಟ್ಟೂ ಹೋಗುತ್ತದೆ.

ಮುಂಬೈ ಕುರ್ಲಾದ ಹಳೆ ಬಿಡಿಭಾಗಗಳ ಮಾರುಕಟ್ಟೆಯಿಂದ ತಂದ ಹಳೆ ಎಂಜಿನ್ ಬೇಗ ಕೂರುತ್ತದೆ, ಆದರೆ ಒಳಗಿನ ಸವೆತ ಕಾಣದು. ಕಂಪ್ರೆಷನ್ ನೋಡದೆ ಮುಂಗಡ ಕೊಡಬೇಡಿ. ಮಾರಿದ ಬಿಲ್ ಪಡೆದು, ಎಂಜಿನ್ ನಂಬರ್ ಆರ್‌ಸಿಯಲ್ಲಿ ಬದಲಿಸಿಕೊಳ್ಳಿ, ವಿಮೆ ಕಂಪನಿಗೂ ತಿಳಿಸಿ.

ಬೋರ್ ಚೆನ್ನಾಗಿದ್ದರೆ ನಮ್ಮ ಮತ ಹೆಡ್ ಕೆಲಸಕ್ಕೇ.