ಮಲ್ನಾಡಲ್ಲಿ ಪೆಲೆಟ್ ಗ್ರಿಲ್ ತಗೊಳ್ಳೋರು ದುಡ್ಡು ಕೊಡೋ ಮುಂಚೆ ಇದೊಂದು ಓದ್ಕೊಳ್ಳಿ

ಹಿತ್ಲಲ್ಲಿ ಕಟ್ಟಿಗೆ ಒಲೆ ಇದೆ, ಇದ್ದಿಲು ಗ್ರಿಲ್ಲೂ ಇದೆ, ಪಕ್ಕದಲ್ಲಿ ಒಂದು ಪೆಲೆಟ್ ಗ್ರಿಲ್ ಇಟ್ರೆ ಸೆಟಪ್ ಪೂರ್ತಿ ಆಗುತ್ತೆ ಅಂತ ಲೆಕ್ಕ ಹಾಕ್ತಿರೋರು, ಅದ್ರಲ್ಲೂ ತೀರ್ಥಹಳ್ಳಿ, ಹೊಸನಗರ, ಸಾಗರ, ಶೃಂಗೇರಿ ಕಡೆಯೋರು ಸ್ವಲ್ಪ ತಡೀರಿ. ಬೆಂಗ್ಳೂರಲ್ಲಿ ಟೆರೇಸ್ ಮೇಲೆ ಇಟ್ಕೊಂಡು ಸೂಪರ್ ಆಗಿದೆ ಅನ್ನೋರು ಸುಳ್ಳು ಹೇಳ್ತಿಲ್ಲ. ಆದ್ರೆ ಅವರಿಗೆ ವರ್ಷಕ್ಕೆ ಬೀಳೋದು ಸಾವಿರ ಮಿಲಿಮೀಟರ್ ಹತ್ರ ಮಳೆ, ಆಗುಂಬೆಲಿ ಏಳು ಸಾವಿರ ದಾಟುತ್ತೆ, ನಾವು ಇರೋದು ಆ ಸಾಲಲ್ಲೇ. ಕರೆಂಟಿನ ಕತೆ ನಿಮಗೇ ಗೊತ್ತು.

ಪೆಲೆಟ್ ಗ್ರಿಲ್ ಅಂದ್ರೆ ಹೆಚ್ಚಿನೋರು ಕಟ್ಟಿಗೆ ಒಲೆಯ ಮಾಡರ್ನ್ ರೂಪ ಅಂದ್ಕೊಳ್ತಾರೆ, ಅಂಗಡಿಯೋರೂ ಹಾಗೇ ಹೇಳೋದು. ಅದು ಒಲೆಯೇ ಅಲ್ಲ, ಕರೆಂಟ್ ಮಿಷನ್ನು. ಒಂದು ಕಡೆ ಪೆಲೆಟ್, ಅಂದ್ರೆ ಮರದ ಪುಡಿ ಒತ್ತಿ ಮಾಡಿದ ಸಣ್ಣ ಸಣ್ಣ ತುಂಡು, ಅದನ್ನ ಹಾಕೋ ಡಬ್ಬ ಇರುತ್ತೆ, ಅದಕ್ಕೆ ಹಾಪರ್ ಅಂತಾರೆ. ಅದರ ಕೆಳಗೆ ಮೋಟರಿಂದ ತಿರುಗೋ ಆಗರ್, ಅಂದ್ರೆ ಸುರುಳಿ ಸುರುಳಿ ಇರೋ ಸ್ಕ್ರೂ ರಾಡು, ಅದು ಪೆಲೆಟ್ಟನ್ನ ನಿಧಾನಕ್ಕೆ ತಳ್ಕೊಂಡು ಹೋಗಿ ಮಧ್ಯದಲ್ಲಿರೋ ಅಂಗೈ ಅಗಲದ ಬೆಂಕಿ ಕುಂಡಕ್ಕೆ ಹಾಕುತ್ತೆ. ಅಲ್ಲಿ ಒಂದು ಹೀಟಿಂಗ್ ರಾಡ್ ಕೆಂಪಗೆ ಕಾದು ಹತ್ತಿಸುತ್ತೆ, ಫ್ಯಾನು ಗಾಳಿ ಊದುತ್ತೆ, ಒಳಗಿನ ಸೆನ್ಸರ್ ಬಿಸಿ ನೋಡ್ಕೊಂಡು ಎಷ್ಟು ಪೆಲೆಟ್ ತಳ್ಬೇಕು ಅಂತ ಕಂಟ್ರೋಲರ್‌ಗೆ ಹೇಳುತ್ತೆ. ಅಮೆರಿಕದ ಆರೆಗಾನ್‌ನಲ್ಲಿ ಟ್ರೇಗರ್ ಅನ್ನೋರು 1980ರ ದಶಕದಲ್ಲಿ ಮಾಡಿದ್ದು ಇದು, ಪೇಟೆಂಟ್ 2006ರಲ್ಲಿ ಮುಗಿದ ಮೇಲೆ ಕಂಡಕಂಡ ಕಂಪನಿಯೋರೆಲ್ಲ ಮಾಡೋಕೆ ಶುರು ಮಾಡಿದ್ರು. ನಾನು ತಗೊಂಡಿದ್ದು ಯಾವ ಕಂಪನಿದು ಅಂತ ಹೇಳಲ್ಲ, ಯಾಕಂದ್ರೆ ಈ ತೊಂದ್ರೆ ಒಂದು ಕಂಪನಿದಲ್ಲ, ಮಾರಿದವನ ಹೆಸರೂ ಬೇಡ.

ಮಾರಿದವನು ಹೇಳಿದ ಮಾತು ಮಾತ್ರ ಹೇಳ್ತೀನಿ. ಮೊದಲ್ನೇದು, ‘ಸರ್, ಇಂಪೋರ್ಟೆಡ್ ಪೀಸು, 120 ವೋಲ್ಟಿಂದು, ಜೊತೆಗೆ ಟ್ರಾನ್ಸ್‌ಫಾರ್ಮರ್ ಕೊಡ್ತೀವಿ, ಪ್ಲಗ್ ಹಾಕಿದ್ರೆ ಮುಗೀತು.’ ಮುಗಿಯಲ್ಲ. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತೆ ಅಷ್ಟೇ, ಫ್ರೀಕ್ವೆನ್ಸಿ, ಅಂದ್ರೆ ಕರೆಂಟು ಸೆಕೆಂಡಿಗೆ ಎಷ್ಟು ಸಲ ಹಿಂದುಮುಂದಾಗುತ್ತೆ ಅನ್ನೋದು, ಅದನ್ನ ಬದಲಾಯಿಸಲ್ಲ. ಅಲ್ಲಿ 60 ಹರ್ಟ್ಸ್, ನಮ್ಮಲ್ಲಿ 50. ಒಳಗಿರೋದು ಸಾಧಾರಣ ಎಸಿ ಮೋಟರ್ ಆಗಿದ್ರೆ ಫ್ಯಾನೂ ಆಗರ್ರೂ ಆರರಲ್ಲಿ ಒಂದು ಪಾಲು ನಿಧಾನಕ್ಕೆ ತಿರುಗ್ತವೆ. ಅಂದ್ರೆ ಪೆಲೆಟ್ಟೂ ಕಮ್ಮಿ, ಗಾಳಿನೂ ಕಮ್ಮಿ. ನಂದ್ರಲ್ಲಿ 230 ಡಿಗ್ರಿಗೆ ಇಟ್ರೆ 190ರ ಹತ್ರ ಹೋಗಿ ನಿಂತ್ಬಿಡೋದು, ಮೀನಿನ ಮೇಲೆ ಒಂದು ಕೆಂಪು ಬರ್ಸೋಕೂ ಆಗ್ತಿರ್ಲಿಲ್ಲ. ಶಿವಮೊಗ್ಗದಲ್ಲಿ ಮೋಟರ್ ವೈಂಡಿಂಗ್ ಮಾಡೋರ ಹತ್ರ ತಗೊಂಡು ಹೋದ್ರೆ ನೇಮ್‌ಪ್ಲೇಟ್ ನೋಡಿದ್ದೇ ಅವರು ಹೇಳಿದ್ದು, ‘ಅಣ್ಣ, ಇದು ಹಾಳಾಗಿಲ್ಲ, ಇದು ಓಡೋದೇ ಇಷ್ಟು.’ ಡಿಸಿ ಮೋಟರ್ ಇರೋ ಹೊಸ ಮಾಡಲ್‌ಗಳಿಗೆ ಈ ಕಾಟ ಇಲ್ಲ. ಆದ್ರೆ ಅದನ್ನ ಕೇಳಿ, ಪ್ಲೇಟ್ ಫೋಟೋ ತರಿಸ್ಕೊಂಡು ನೋಡಿ. 230 ವೋಲ್ಟ್ 50 ಹರ್ಟ್ಸ್ ಅಂತ ಅಚ್ಚಾಗಿರ್ಬೇಕು, ಬಾಯಿ ಮಾತು ಬೇಡ.

230 ವೋಲ್ಟಿಂದೇ ತಗೊಂಡ್ರೂ ಹಳ್ಳಿ ಲೈನಲ್ಲಿ ಸಂಜೆ ಹೊತ್ತು ವೋಲ್ಟೇಜ್ ಇಳಿಯುತ್ತಲ್ಲ, ಅದು ಇನ್ನೊಂದು. ಹೀಟಿಂಗ್ ರಾಡಿನ ಕಾವು ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಬೀಳುತ್ತೆ, 230 ಇರ್ಬೇಕಾದಲ್ಲಿ 180 ಬಂದ್ರೆ ಕಾವು ನೂರಕ್ಕೆ ಅರವತ್ತೇ. ಪೆಲೆಟ್ ಬೀಳ್ತಾ ಇರುತ್ತೆ, ಹತ್ಕೊಳ್ಳಲ್ಲ, ಹೊಗೆ ಮಾತ್ರ ಬರುತ್ತೆ. ಆಮೇಲೆ ಸ್ಕ್ರೀನಲ್ಲಿ ಎರರ್.

ಈಗ ಪೆಲೆಟ್ ವಿಷಯ, ಇದು ದೊಡ್ಡದು. ಎರಡ್ನೇ ಮಾತು ಅವನು ಹೇಳಿದ್ದು, ‘ಪೆಲೆಟ್ ಎಲ್ಲಾ ಕಡೆ ಸಿಗುತ್ತೆ ಸರ್, ನಿಮ್ಮ ಕಡೆ ಸಾಮಿಲ್ ಇಲ್ವಾ.’ ಸಾಮಿಲ್ ಇದೆ, ಹೊಟ್ಟೂ ಇದೆ, ಆದ್ರೆ ಸಾಮಿಲ್ ಹೊಟ್ಟು ಪೆಲೆಟ್ ಅಲ್ಲ. ಅಡುಗೆ ಪೆಲೆಟ್ ಅಂದ್ರೆ ಶುದ್ಧ ಗಟ್ಟಿ ಮರದ ಪುಡಿನ ಒತ್ತಡದಲ್ಲಿ ಒತ್ತಿ 6 ಮಿಲಿಮೀಟರ್ ದಪ್ಪ ಮಾಡಿರೋದು, ಮರದೊಳಗಿನ ಲಿಗ್ನಿನ್ನೇ ಬಿಸಿಗೆ ಮೆತ್ತಗಾಗಿ ಅಂಟಾಗುತ್ತೆ. ನಮ್ಮಲ್ಲಿ ಸುಲಭಕ್ಕೆ ಸಿಗೋದು ಬಾಯ್ಲರ್‌ಗೆ ಹಾಕೋ ಬಯೋಮಾಸ್ ಪೆಲೆಟ್. ಕಡ್ಲೆಕಾಯಿ ಸಿಪ್ಪೆ, ಬೆಳೆ ಕಡ್ಡಿ, ಎಲ್ಲಿದೋ ಹೊಟ್ಟು, ಅದ್ರಲ್ಲಿ ಪ್ಲೈವುಡ್ ಪುಡಿ ಬೆರೆತಿದ್ರೆ ಅದರ ಅಂಟೂ ಸೇರಿ ಉರಿಯುತ್ತೆ. ಆ ಹೊಗೆಲಿ ಕೋಳಿ ಇಟ್ಟು ಮಕ್ಕಳಿಗೆ ತಿನ್ಸೋಕಾಗುತ್ತಾ? ದಪ್ಪನೂ 8 ಮಿಲಿಮೀಟರ್, ಅದಕ್ಕಿಂತ ಜಾಸ್ತಿನೂ ಇರುತ್ತೆ, ಆಗರಲ್ಲಿ ಸಿಕ್ಕಾಕ್ಕೊಳ್ಳುತ್ತೆ. ಬೂದಿ ಬೇರೆ ವಿಪರೀತ, ಕುಂಡದ ತಳದಲ್ಲಿ ಕಿಟ್ಟ ಕಟ್ಟಿ ಗಾಳಿ ತೂತೆಲ್ಲ ಮುಚ್ಚಿಹೋಗುತ್ತೆ. ಅಡುಗೆಗೆ ಅಂತಲೇ ಮಾಡಿದ ಪೆಲೆಟ್ ಬೇಕಂದ್ರೆ ಆನ್‌ಲೈನಲ್ಲೇ ತರಿಸ್ಬೇಕು, ಮೂಟೆ ತೂಕಕ್ಕೆ ಪಾರ್ಸಲ್ ಚಾರ್ಜ್ ನೋಡಿದ್ರೆ ತಲೆ ತಿರುಗುತ್ತೆ. ಸಣ್ಣ ಉರಿಲಿ ಗಂಟೆಗೆ ಅರ್ಧದಿಂದ ಒಂದು ಕೆಜಿ, ಜೋರು ಉರಿಗೆ ಅದಕ್ಕಿಂತ ಜಾಸ್ತಿನೇ ತಿನ್ನುತ್ತೆ, ಹಂದಿ ಭುಜದ ಮಾಂಸ ಹತ್ತು ಗಂಟೆ ಇಟ್ರೆ ಲೆಕ್ಕ ನೀವೇ ಹಾಕಿ. ಅದೂ ಹಿತ್ಲಲ್ಲಿ ಕಟ್ಟಿಗೆ ರಾಶಿ ಬಿದ್ದಿರುವಾಗ.

ದುಡ್ಡು ಕೊಟ್ಟು ತರಿಸಿದ್ರೂ ಮಳೆಗಾಲದಲ್ಲಿ ಉಳಿಸ್ಕೊಳ್ಳೋದು ಹೇಗೆ? ಒಳ್ಳೆ ಪೆಲೆಟ್ ಮುರಿದ್ರೆ ಟಕ್ ಅಂತ ಮುರಿಯುತ್ತೆ, ಮೈ ಮಿರಮಿರ ಇರುತ್ತೆ. ಅದೇ ಒಂದೆರಡನ್ನ ನೀರಿನ ಲೋಟಕ್ಕೆ ಹಾಕಿ ನೋಡಿ, ಸ್ವಲ್ಪ ಹೊತ್ತಲ್ಲೇ ಬಿರಿದು ಊದಿ ಪುಡಿ ಆಗಿ ತಳಕ್ಕೆ ಕೂರುತ್ತೆ. ನಮ್ಮಲ್ಲಿ ನೀರೇ ಬೀಳ್ಬೇಕಂತಿಲ್ಲ, ಜುಲೈ ಗಾಳಿ ಸಾಕು. ಬೂಟಿನ ಮೇಲೆ ಬೂಸ್ಟು ಬರೋ ಊರಲ್ಲಿ ಹಾಪರಿನ ಮುಚ್ಚಳ ಯಾವ ಲೆಕ್ಕ. ಹಿಂದಿನ ವಾರ ಉಳಿದಿದ್ದ ಪೆಲೆಟ್ಟು ಆಗರ್ ಕೊಳವೆಯೊಳಗೆ ಊದಿ, ಮೇಲಿಂದ ಹೊಸದು ಬಿದ್ದು, ಮೋಟರ್ ತಳ್ಳಿ ತಳ್ಳಿ ಒತ್ತಿ ಗಾರೆ ಹಾಗೆ ಗಟ್ಟಿಯಾಗಿ ಕೂತ್ಬಿಟ್ಟಿತ್ತು. ಆಗರ್ ಸಿಕ್ಕಾಕ್ಕೊಂಡ್ರೆ ತಾನು ಮುರಿದು ಮೋಟರ್ ಉಳಿಸೋ ಶಿಯರ್ ಪಿನ್ ತುಂಡು. ಹಾಪರ್ ಬಿಚ್ಚಿ, ಮೋಟರ್ ಬಿಚ್ಚಿ, ಸ್ಕ್ರೂನ ಪೈಪ್ ರೆಂಚಲ್ಲಿ ಹಿಂದುಮುಂದು ತಿರುಗಿಸಿ, ಅರ್ಧ ಇಂಚು ಉಳಿಲಿ ಬಡಿದು ಬಡಿದು ತೆಗೆದದ್ದು, ಹೊರಗೆ ಬಂದಿದ್ದು ಕಂದು ಬಣ್ಣದ ಹಿಟ್ಟು, ಅದ್ರ ಮಧ್ಯ ಒಂದು ಸುತ್ತು ಕಲ್ಲಾಗಿರೋ ಗಟ್ಟಿ, ಹುಳಿ ಹುಳಿ ವಾಸನೆ. ಅಮ್ಮ ಬಂದು ನೋಡಿ, ‘ಅಡಿಕೆ ಸುಲ್ಯದೇ ಎಷ್ಟೋ ವಾಸಿ ಕಣೋ’ ಅಂದ್ಲು. ಅದೂ ಸರಿನೇ ಅನ್ಸಿತು.

ಇನ್ನು ಕರೆಂಟ್ ಹೋದಾಗ ಏನಾಗುತ್ತೆ ಅನ್ನೋದು. ಇದನ್ನ ದಯವಿಟ್ಟು ಬಿಡದೆ ಓದಿ, ಉಳಿದಿದ್ದೆಲ್ಲ ದುಡ್ಡಿನ ವಿಷಯ, ಇದು ಮೈಗೆ ಕೈಗೆ ಸಂಬಂಧಪಟ್ಟಿದ್ದು. ಆರಿದ್ರ ಮಳೆ ಹಿಡ್ಕೊಂಡಿತ್ತು, ಅಕ್ಕ ಭಾವ ಬಂದಿದ್ರು, ಶೀಟಿನ ಮಾಡಿನ ಕೆಳಗೆ ಗ್ರಿಲ್ಲು, ಒಳಗೆ ಹಂದಿ ಮಾಂಸ, ನಾವು ಅಲ್ಲೇ ಕುರ್ಚಿ ಹಾಕ್ಕೊಂಡು ಕೂತಿದ್ವಿ. ಕರೆಂಟ್ ಹೋಯ್ತು. ಫ್ಯಾನ್ ನಿಂತ್ಹೋಯ್ತು, ಆಗರ್ ನಿಂತ್ಹೋಯ್ತು, ಕುಂಡದಲ್ಲಿ ಇದ್ದ ಪೆಲೆಟ್ ಗಾಳಿ ಇಲ್ಲದೆ ಹೊಗೆಯಾಡ್ತಾ ಇತ್ತು. ಆ ಹೊಗೆ ಆಗರ್ ಕೊಳವೆಯಲ್ಲಿ ಹಿಂದಕ್ಕೆ ಬಂದು ಹಾಪರಿಂದ ಎದ್ದಿತು. ಭಾವ ಮುಚ್ಚಳ ಎತ್ತಿ ನೋಡಿ ‘ಎಂತ ಮಾರಾಯ, ಕೆಂಡ ಈ ಕಡೆಗೇ ಬರ್ತಾ ಉಂಟಾ’ ಅಂದ್ರು. ಹೌದು, ಬರುತ್ತೆ, ಬೆಂಕಿ ಕೊಳವೆಯೊಳಗೆ ಹಾಪರ್ ಕಡೆ ಹಿಂದಕ್ಕೆ ಹತ್ಕೊಂಡು ಹೋಗೋದು ಈ ಮಿಷನ್‌ಗಳಲ್ಲಿ ಗೊತ್ತಿರೋ ತೊಂದ್ರೆನೇ. ಅಷ್ಟರಲ್ಲಿ ಕರೆಂಟ್ ಬಂತು. ನಂದು ಕರೆಂಟ್ ಬಂದ ತಕ್ಷಣ ತಾನೇ ಮೊದಲಿಂದ ಶುರು ಮಾಡೋ ಮಾಡಲ್ಲು, ಅಂದ್ರೆ ಹಳೇ ಪೆಲೆಟ್ ಕುಂಡದಲ್ಲಿ ಇದ್ದ ಹಾಗೇ ಹೊಸ ಪೆಲೆಟ್ ಮೇಲಿಂದ ಸುರಿಯೋಕೆ ಶುರು. ಚಿಮಣಿಯಿಂದ ಹಳದಿ ಮಿಶ್ರ ಬಿಳಿ ಹೊಗೆ, ದಪ್ಪಗೆ, ನೋಡಿದ್ರೇ ಗೊತ್ತಾಗುತ್ತೆ ಇದು ಅಡುಗೆ ಹೊಗೆ ಅಲ್ಲ ಅಂತ. ಧಪ್ ಅಂತ ಒಂದು ಸದ್ದು, ಮುಚ್ಚಳ ತಾನೇ ಮೇಲೆದ್ದು ಬಿತ್ತು, ಸುತ್ತ ಅಂಚಿಂದ ಬೆಂಕಿ ನಾಲಗೆ. ಮುಚ್ಚಳದೊಳಗೆ ತುಂಬ್ಕೊಂಡಿದ್ದ ಹೊಗೆಗೇ ಬೆಂಕಿ ಹತ್ಕೊಂಡಿದ್ದು ಅದು. ಭಾವನ ಕೈ ಕೂದ್ಲು ಸುಟ್ಟಿದ್ದು ಬಿಟ್ರೆ ಯಾರಿಗೂ ಏನಾಗ್ಲಿಲ್ಲ, ಅಕ್ಕನ ಮಗಳು ಅಲ್ಲೇ ಬಗ್ಗಿ ನೋಡ್ತಾ ಇದ್ದವಳು ಒಂದು ನಿಮಿಷ ಮುಂಚೆ ಒಳಗೆ ಹೋಗಿದ್ಳು. ಈಗ್ಲೂ ನೆನೆಸ್ಕೊಂಡ್ರೆ ಕೈ ನಡುಗುತ್ತೆ.

ಹಾಗಾಗಿ ಈಗಾಗ್ಲೇ ಮನೇಲಿ ಇದ್ರೆ ಕೇಳಿ. ಕರೆಂಟ್ ಹೋಯ್ತು ಅಂದ ತಕ್ಷಣ ಪ್ಲಗ್ ಕಿತ್ಹಾಕಿ, ಕರೆಂಟ್ ಬಂದ್ರೂ ಹಾಕ್ಬೇಡಿ. ಪೂರ್ತಿ ತಣ್ಣಗಾದ ಮೇಲೆ ಜಾಲರಿ, ಕೆಳಗಿನ ತಗಡು ಎತ್ತಿ ಕುಂಡ ಖಾಲಿ ಮಾಡಿ, ಆಮೇಲೆ ಮುಚ್ಚಳ ತೆಗೆದಿಟ್ಟೇ ಹತ್ತಿಸಿ. ಆಫ್ ಮಾಡುವಾಗ್ಲೂ ಸೀದಾ ಸ್ವಿಚ್ ಆರಿಸೋ ಹಾಗಿಲ್ಲ, ಕುಂಡದಲ್ಲಿ ಉಳಿದಿದ್ದು ಉರಿದು ಮುಗಿಯೋವರೆಗೆ ಫ್ಯಾನ್ ತಿರುಗ್ತಾ ಇರ್ಬೇಕು, ಆ ಹೊತ್ತಲ್ಲಿ ಕರೆಂಟ್ ಹೋದ್ರೆ ಮತ್ತೆ ಅದೇ ಕತೆ. ಹತ್ತುವಾಗ ಸುಮಾರು 300 ವಾಟ್, ಹತ್ತಿದ ಮೇಲೆ 50ರ ಆಸುಪಾಸು ಎಳೆಯೋದು, ಹಾಗಾಗಿ ಮನೆ ಯುಪಿಎಸ್ ಲೈನ್ ಕೊಟ್ರೆ ಸಾಕು, ಆದ್ರೆ ಸೈನ್ ವೇವ್ ಯುಪಿಎಸ್, ಅಂದ್ರೆ ಲೈನ್ ಕರೆಂಟಿನ ಹಾಗೇ ನಯವಾದ ಅಲೆ ಕೊಡೋದು ಆಗಿರ್ಬೇಕು. ನಮ್ಮನೇಲಿ ಇದ್ದಿದ್ದು ಹಳೇ ಸ್ಕ್ವೇರ್ ವೇವು, ಅದಕ್ಕೆ ಹಾಕಿದ್ರೆ ಮೋಟರ್ ಗುಂಯ್ ಅಂತ ಬಿಸಿ ಆಗ್ತಿತ್ತು. ಕೊಬ್ಬಿಗೆ ಬೆಂಕಿ ಹತ್ತಿದ್ರೆ ಮಾತ್ರ ನೀರು ಸುರೀಬೇಡಿ ಮತ್ತೆ, ಮುಚ್ಚಳ ಹಾಕಿ ಕರೆಂಟ್ ತೆಗೀರಿ.

ಶಾಕ್ ವಿಷಯನೂ ಇಲ್ಲೇ ಹೇಳಿಬಿಡ್ತೀನಿ. ಹಿತ್ಲು ಶೆಡ್ಡಿನ ಪ್ಲಗ್‌ಗೆ ಅರ್ತಿಂಗ್ ಇದೆ ಅಂತ ವೈರಿಂಗ್ ಮಾಡಿದವನು ಬರ್ದಿದ್ದ, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಹಿಡಿ ಮುಟ್ಟಿದ್ರೆ ಜುಂ ಅಂತಿತ್ತು. ಪೂರಾ ಕಬ್ಬಿಣದ ಮೈ, ಮಳೆ ಎರಚಲು, ಒಳಗೆ ಹೀಟಿಂಗ್ ರಾಡು. ಕರೆಂಟ್ ಸೋರಿದ್ರೆ ತಾನೇ ಲೈನ್ ಕಡಿಯೋ 30 ಮಿಲಿ ಆಂಪ್ ಆರ್‌ಸಿಸಿಬಿ ಸ್ವಿಚ್ ಇಲ್ಲದೆ ಹಿತ್ಲಲ್ಲಿ ಇದನ್ನ ಓಡಿಸೋ ಮಾತೇ ಬೇಡ. ಹಾಗೇ ತಿಂಗಳುಗಟ್ಟಲೆ ಮುಚ್ಚಿಟ್ಟು ತೆಗೆದ್ರೆ ಚಿಮಣಿಯೊಳಗೆ ಕಣಜ ಮಣ್ಣಿನ ಗೂಡು ಕಟ್ಟಿರುತ್ತೆ, ಇಲಿ ವೈರ್ ಕಡಿದಿರುತ್ತೆ, ನಮ್ಮಲ್ಲಿ ಎರಡೂ ಆಯ್ತು.

ರುಚಿ? ಮಿಷನ್ ಮಾಡಿರೋದು ಕೊಬ್ಬು ಜಾಸ್ತಿ ಇರೋ ದೊಡ್ಡ ತುಂಡು ಮಾಂಸಕ್ಕೆ, 110 ಡಿಗ್ರಿಲಿ ಗಂಟೆಗಟ್ಟಲೆ. ಆ ಕೆಲಸಕ್ಕೆ ಬೇಸಿಗೆಲಿ ನಿಜವಾಗ್ಲೂ ಚೆನ್ನಾಗೇ ಮಾಡ್ತು, ಹಂದಿ ಭುಜ ಒಳಗೆ 95 ಡಿಗ್ರಿ ಬರೋವರೆಗೆ ಬಿಟ್ರೆ ಬೆರಳಲ್ಲಿ ಎಳೆದ್ರೆ ಬಿಡಿಸ್ಕೊಳ್ಳೋದು, ಪಕ್ಕದಲ್ಲೇ ಕೂತು ಉರಿ ನೋಡ್ಕೊಳ್ಳೋ ಕೆಲಸ ಇಲ್ಲ. ನಾಟಿ ಕೋಳಿ ಇಡ್ಬೇಡಿ, ಚಪ್ಪಲಿ ಆಗುತ್ತೆ. ಹೊಗೆ ವಾಸನೆನೂ ಒಲೆ ಮೇಲೆ ಸುಟ್ಟ ಮಾಂಸ ತಿಂದು ಬೆಳೆದ ನಮ್ಮ ನಾಲಗೆಗೆ ಸಪ್ಪೆ, ಯಾಕಂದ್ರೆ ಫ್ಯಾನ್ ಊದಿ ಪೆಲೆಟ್ ತುಂಬಾ ಕ್ಲೀನಾಗಿ ಉರಿಯುತ್ತೆ. ಮನೇಲಿ ಯಾರೂ ಎರಡ್ನೇ ಸಲ ಅದ್ರಲ್ಲೇ ಮಾಡು ಅಂತ ಕೇಳ್ಲಿಲ್ಲ.

ಹಾಗಾದ್ರೆ ಎಂತ ತಗೊಳ್ಳೋದು ಅಂತ ಕೇಳಿದ್ರೆ, ನನ್ನ ಪ್ರಕಾರ ನಮ್ಮ ಕಡೆಗೆ ಕರೆಂಟ್ ಬೇಡದ ಡ್ರಮ್ ಸ್ಮೋಕರ್. ಶಿವಮೊಗ್ಗದಲ್ಲಿ ವೆಲ್ಡಿಂಗ್ ಮಾಡೋರು ಬೇಕಾದಷ್ಟು ಜನ ಇದಾರೆ, ಇನ್ನೂರು ಲೀಟರ್ ಡ್ರಮ್ಮು, ಕೆಳಗೆ ಗಾಳಿಗೆ ಒಂದೆರಡು ವಾಲ್ವು, ಇದ್ದಿಲಿಗೆ ಒಂದು ಬುಟ್ಟಿ, ಮೇಲೆ ಜಾಲರಿ, ಮುಚ್ಚಳಕ್ಕೊಂದು ಥರ್ಮಾಮೀಟರ್. ಡ್ರಮ್ಮಲ್ಲಿ ಮೊದ್ಲು ಎಣ್ಣೆನೋ ಕೆಮಿಕಲ್ಲೋ ಇದ್ದಿದ್ದು ತರಬೇಡಿ, ಆಹಾರದ್ದೇ ಹಾಕಿದ್ದ ಡ್ರಮ್ ಹುಡುಕಿ, ಒಳಗಿನ ಪೇಂಟ್ ಪೂರ್ತಿ ಸುಟ್ಟು ತೆಗೆಸಿ. ಇದ್ದಿಲ ಮೇಲೆ ಒಣಗಿದ ಪೇರಳೆ, ಮಾವು, ಹಲಸಿನ ಚಕ್ಕೆ ಎರಡು ಇಟ್ರೆ ಸಾಕು, ಕಾಸರ್ಕ ಮಾತ್ರ ಹತ್ರಕ್ಕೂ ತರಬೇಡಿ, ಅದು ವಿಷದ ಮರ.

ಇಲ್ಲ, ನಮಗೆ ಪೆಲೆಟ್ಟೇ ಬೇಕು, ಹೋಮ್‌ಸ್ಟೇ ಇದೆ, ನೋಡ್ಕೊಳ್ಳೋಕೆ ಜನ ಇಲ್ಲ ಅನ್ನೋರು ಡಿಸೆಂಬರಿಂದ ಮೇವರೆಗಿನ ಮಿಷನ್ ಅಂತ್ಲೇ ತಗೊಳ್ಳಿ. ಪೆಲೆಟ್ಟನ್ನ ಬಿಗಿ ಮುಚ್ಚಳದ ಪೇಂಟ್ ಬಕೆಟ್ಟಲ್ಲಿ ಹಾಕಿ ಒಲೆ ಇರೋ ಕೋಣೆ ಅಟ್ಟದಲ್ಲಿಡಿ. ಪ್ರತಿ ಸಲ ಹಾಪರ್ ಖಾಲಿ ಮಾಡಿ, ಆಗರಲ್ಲಿ ಒಂದು ಕಾಳೂ ಉಳಿಯದ ಹಾಗೆ ಓಡಿಸಿ. ಮಾರೋನ ಹತ್ರ ಆಗರ್ ಮೋಟರು, ಹೀಟಿಂಗ್ ರಾಡು, ಶಿಯರ್ ಪಿನ್ನು ಸ್ಪೇರ್ ಜೊತೆಗೇ ಇಸ್ಕೊಳ್ಳಿ, ಆಮೇಲೆ ಫೋನ್ ಎತ್ತಲ್ಲ. ಮತ್ತೆ ಸೆಕೆಂಡ್ ಹ್ಯಾಂಡ್ ಅಂತ ಯಾರಾದ್ರೂ ಸೆಪ್ಟೆಂಬರ್ ಅಕ್ಟೋಬರಲ್ಲಿ ಅರ್ಧ ರೇಟಿಗೆ ಕೊಡ್ತೀನಿ ಅಂದ್ರೆ, ಮಿಷನ್ ಹೊರಗಿನ ಹೊಳಪು ನೋಡ್ಬೇಡಿ, ಹಾಪರ್ ಖಾಲಿ ಮಾಡ್ಸಿ ನಿಮ್ಮ ಕಣ್ಣೆದುರಿಗೇ ಆಗರ್ ಓಡ್ಸಿ ತೋರ್ಸಿ ಅನ್ನಿ, ಕಂದು ಹಿಟ್ಟು ಉದುರಿದ್ರೆ ಅಲ್ಲಿಂದ್ಲೇ ವಾಪಸ್ ಬನ್ನಿ.