ಸ್ವಾರ್ತ್‌ಮೋರ್ ಕಾಲೇಜು: ಮಗಳ ಜೊತೆ ಹೋಗಿ ನೋಡಿದೆವು

ಅಮೆರಿಕದ ಫಿಲಡೆಲ್ಫಿಯಾದಲ್ಲಿ ಲೋಕಲ್ ಟ್ರೇನ್ ಹತ್ತಿದರೆ ಸೀದಾ ಕಾಲೇಜಿನ ಬುಡದಲ್ಲೇ ಇಳಿಸುತ್ತದೆ. ಸ್ಟೇಷನ್ನಿಂದ ಕಾಲೇಜಿನ ಮುಖ್ಯ ಕಟ್ಟಡವಾದ ಪ್ಯಾರಿಶ್ ಹಾಲ್‌ವರೆಗೆ ಓಕ್ ಮರಗಳ ಸಾಲು, ಏರುದಾರಿ. ಇಡೀ ಕ್ಯಾಂಪಸ್ಸೇ ಒಂದು ಸಸ್ಯತೋಟ, ಗಿಡಮರಗಳಿಗೆ ಹೆಸರಿನ ಬಿಲ್ಲೆ ಹಾಕಿದ್ದಾರೆ, ಮಗಳು ನಿಂತು ನಿಂತು ಓದುತ್ತಿದ್ದಳು.

ನನಗೆ ಜಾಸ್ತಿ ಹಿಡಿಸಿದ್ದು ಓದಿಸುವ ರೀತಿ. ವಿದ್ಯಾರ್ಥಿಗಳು ಸುಮಾರು 1,600 ಅಷ್ಟೇ. ಮೊದಲ ಸೆಮಿಸ್ಟರ್‌ನಲ್ಲಿ ಪಾಸೋ ಫೇಲೋ ಅಂತ ಮಾತ್ರ, ಗ್ರೇಡಿನ ಭಯವಿಲ್ಲದೆ ಹೊಸ ವಿಷಯ ಮುಟ್ಟಿ ನೋಡಬಹುದು. 1922ರಿಂದ ನಡೆದು ಬಂದ ಆನರ್ಸ್ ಕೋರ್ಸ್‌ನಲ್ಲಿ ಪಾಠ ಹೇಳಿದ ಮೇಷ್ಟ್ರು ಪರೀಕ್ಷೆ ಮಾಡುವುದಿಲ್ಲ, ಹೊರಗಿನ ಪ್ರೊಫೆಸರ್‌ಗಳು ಬಂದು ಎದುರು ಕೂರಿಸಿಕೊಂಡು ಪ್ರಶ್ನೆ ಕೇಳುತ್ತಾರೆ. ಇಂಥದ್ದು ಎಷ್ಟು ಕಡೆ ಸಿಗುತ್ತದೆ ಹೇಳಿ? ಎಂಜಿನಿಯರಿಂಗ್ ಕೂಡ ಇದೆ, ಇಂಥ ಸಣ್ಣ ಲಿಬರಲ್ ಆರ್ಟ್ಸ್ ಕಾಲೇಜುಗಳಲ್ಲಿ (ಕಲೆ, ವಿಜ್ಞಾನ ಅಂತ ಹಲವು ವಿಷಯ ಒಟ್ಟಿಗೆ ಓದಿಸುವ ಪದವಿ ಕಾಲೇಜುಗಳು) ಅದು ಅಪರೂಪ.

ಖರ್ಚು ಮಾತ್ರ ಎದೆ ಝಲ್ ಅನ್ನಿಸುತ್ತದೆ, ಊಟ ವಸತಿ ಸೇರಿ ವರ್ಷಕ್ಕೆ 80,000 ಡಾಲರ್ ದಾಟುತ್ತದೆ. ಆದರೆ ಸೇರಿಸಿಕೊಂಡವರಿಗೆ ಮನೆಯ ಆದಾಯ ನೋಡಿ ಸಾಲವಿಲ್ಲದೆ ನೆರವು ಕೊಡುತ್ತಾರೆ, ಅದಕ್ಕೇ ಬೆಲೆ ನೋಡಿ ಸುಮ್ನೆ ಹಿಂದೆ ಸರಿಯಬೇಡಿ. ಸೀಟು ಸಿಗುವುದು ನೂರರಲ್ಲಿ ಹತ್ತು ಮಂದಿಗೂ ಇಲ್ಲ, ಬೇರೆ ಕಡೆಯೂ ಅರ್ಜಿ ಹಾಕಿಯೇ ಇರಬೇಕು. ದೊಡ್ಡ ಯೂನಿವರ್ಸಿಟಿಯ ಗದ್ದಲ ಇಷ್ಟಪಡುವ ಮಕ್ಕಳಿಗೆ ಇದು ಹೊಂದುವುದಿಲ್ಲ. ಕೂತು ಓದುವ, ವಾದ ಮಾಡುವ ಮಕ್ಕಳಿದ್ದರೆ ಖಂಡಿತ ಕರೆದುಕೊಂಡು ಹೋಗಿ. ರಜೆಯಲ್ಲಿ ಬೇಡ, ತರಗತಿ ನಡೆಯುವಾಗಲೇ ಹೋಗಿ.